ಲಿನಕ್ಸ್ ವಾದಗಳು: ಯಾವುದಕ್ಕೆ ಕಿವಿಗೊಡಬೇಕು, ಯಾವುದನ್ನು ಬಿಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಇಲ್ಲವೇ ಅದರಿಂದೀಚಿನದೇ ಬೇಕೆನ್ನುತ್ತದೆ. ಅಲ್ಲಿಗೆ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೊರಗುಳಿದವು. ಅಂಥವುಗಳ ಮಾಲೀಕರಿಗೆ ಯಾರಾದರೊಬ್ಬರು ‘ಲಿನಕ್ಸ್ ಹಾಕ್ಕೊಳ್ಳಿ, ದುಡ್ಡೂ ಬೇಡ’ ಎನ್ನುತ್ತಾರೆ. ಯಾವ ಲಿನಕ್ಸ್ ಎಂದು ಕೇಳಿದ ಕೂಡಲೇ ವಾದ ಶುರು. ಉಬುಂಟು ಬೇಡ, ಮಿಂಟ್ ಸಾಕು. ಸ್ನ್ಯಾಪ್ ಮುಟ್ಟಬೇಡಿ. ಆ್ಯಂಟಿವೈರಸ್ ಬೇಕಿಲ್ಲ. ವರ್ಡ್ ಫೈಲ್ ಎಲ್ಲ ತೆರೆಯುತ್ತದೆ. ಇಲ್ಲ, ಏನೂ ಸರಿಯಾಗಿ ತೆರೆಯುವುದಿಲ್ಲ.

ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ತೊಡಕೆಂದರೆ, ವಾದ ಮಾಡುವವರು ತಮ್ಮ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ, ನಿಮ್ಮದನ್ನಲ್ಲ. ಸರ್ವರ್ ನೋಡಿಕೊಳ್ಳುವವರ ಚಿಂತೆ ಬೇರೆ, ಗೇಮ್ ಆಡುವವರದು ಬೇರೆ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಮೇಷ್ಟ್ರದು ಇನ್ನೂ ಬೇರೆ. ಹಾಗಾಗಿ ‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ನಾಲ್ಕನ್ನು ಕೇಳಿಕೊಳ್ಳಿ. ಈ ಸಾಫ್ಟ್‌ವೇರನ್ನು ಯಾರು ಕೊಡುತ್ತಿದ್ದಾರೆ? ಎಷ್ಟು ವರ್ಷ ತಿದ್ದುಪಡಿ ಕೊಡುತ್ತಾರೆ? ಅದು ನನ್ನ ಯಾವ ಫೈಲುಗಳನ್ನು ಮುಟ್ಟಬಲ್ಲದು? ನನ್ನ ಫೈಲು ಯಾರ ಕೈಗೆ ಹೋಗುತ್ತದೆ, ಅವರು ಬಳಸುವುದೇನು? ಹೆಚ್ಚಿನ ವಾದಗಳು ಈ ನಾಲ್ಕರ ಮುಂದೆ ತಾವಾಗಿಯೇ ಚಿಕ್ಕವಾಗುತ್ತವೆ.

ಯಾವ ಡಿಸ್ಟ್ರೊ?

ಡಿಸ್ಟ್ರೊ ಎಂದರೆ ಉಬುಂಟು, ಮಿಂಟ್‌ಗಳಂಥ ಲಿನಕ್ಸಿನ ಬೇರೆ ಬೇರೆ ರೂಪಗಳು. ಇವುಗಳ ಆಯ್ಕೆಯ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಇಲ್ಲಿ ಎರಡನೇ ಪ್ರಶ್ನೆಯೊಂದೇ ಮುಖ್ಯ. ಉಬುಂಟು 24.04ರಂಥ ದೀರ್ಘಾವಧಿ ಆವೃತ್ತಿಗೆ ಐದು ವರ್ಷ, ಅಂದರೆ 2029ರವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ. ಅದರ ಮೇಲೆ ಕಟ್ಟಿರುವ ಲಿನಕ್ಸ್ ಮಿಂಟ್ 22ಕ್ಕೂ ಅಷ್ಟೇ. ಉಬುಂಟುವಿನದೇ ನಡುನಡುವಿನ ಆವೃತ್ತಿಗಳಿಗೆ ಒಂಬತ್ತು ತಿಂಗಳು ಮಾತ್ರ. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು ಹದಿಮೂರು ತಿಂಗಳು. ಆರ್ಚ್‌ಗೆ ಆವೃತ್ತಿ ಎಂಬುದೇ ಇಲ್ಲ. ಹೊಸತು ಬಂದಂತೆಲ್ಲ ಹಾಕಿಕೊಳ್ಳುತ್ತ ಹೋಗಬೇಕು.

ಕಂಪ್ಯೂಟರ್ ನಿಮಗೆ ಉಪಕರಣವಾದರೆ ದೀರ್ಘಾವಧಿಯದನ್ನು ಹಿಡಿಯಿರಿ. ಕಂಪ್ಯೂಟರೇ ಹವ್ಯಾಸವಾದರೆ ಆರ್ಚ್‌ಗೆ ಹೋಗಬಹುದು. ಯಂತ್ರ ತೀರ ಹಳೆಯದಾಗಿ 32 ಬಿಟ್‌ನದ್ದಾಗಿದ್ದರೆ ಮೊದಲೇ ತಿಳಿದಿರಲಿ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಿಂದ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ಡೆಬಿಯನ್ ಕೂಡ ನಿಲ್ಲಿಸಿದೆ.

ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಹಳೆಯ ದಾರಿ

ಇಷ್ಟು ಕಾವೇರುವ ವಾದ ಇನ್ನೊಂದಿಲ್ಲ. ಹಳೆಯ ದಾರಿಯಲ್ಲಿ ಡಿಸ್ಟ್ರೊದವರೇ ಸಾಫ್ಟ್‌ವೇರುಗಳನ್ನು ಒಂದು ಭಂಡಾರದಲ್ಲಿ ಜೋಡಿಸಿಟ್ಟಿರುತ್ತಾರೆ. ಬೇಕಾದ ಲೈಬ್ರರಿಗಳನ್ನು ಎಲ್ಲ ಸಾಫ್ಟ್‌ವೇರುಗಳೂ ಹಂಚಿಕೊಳ್ಳುತ್ತವೆ. ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್‌ಗಳು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬರುವ ಜಾತಿಯವು. ಬೇಕಾದದ್ದೆಲ್ಲ ಜೊತೆಗೇ ಬರುವುದರಿಂದ ಹಳೆಯ ಡಿಸ್ಟ್ರೊದಲ್ಲೂ ಹೊಸ ಆವೃತ್ತಿ ಓಡುತ್ತದೆ, ಜಾಗ ಮಾತ್ರ ಹೆಚ್ಚು ತಿನ್ನುತ್ತದೆ.

ಸ್ನ್ಯಾಪ್ ಮೇಲಿನ ಸಿಟ್ಟಿಗೆ ಮೂಲ ಬೇರೆ. ಅದನ್ನು ರೂಪಿಸಿದ್ದು ಉಬುಂಟುವಿನ ಕಂಪನಿ ಕ್ಯಾನೊನಿಕಲ್. ಅದರ ಅಂಗಡಿಯ ಸರ್ವರ್ ಕಡೆಯ ತಂತ್ರಾಂಶ ಮುಕ್ತವಲ್ಲ, ನಡೆಸುವುದು ಆ ಕಂಪನಿಯೊಂದೇ. 2020ರಲ್ಲಿ ಬಂದ ಮಿಂಟ್ 20 ಇದೇ ಕಾರಣಕ್ಕೆ ಸ್ನ್ಯಾಪ್‌ಗೆ ಬಾಗಿಲು ಹಾಕಿತು. ಉಬುಂಟು ಅತ್ತ ಫೈರ್‌ಫಾಕ್ಸನ್ನೇ ಸ್ನ್ಯಾಪ್ ರೂಪದಲ್ಲಿ ಕೊಡಲು ಶುರುಮಾಡಿತು. ಬಳಕೆದಾರರ ಪಾಲಿಗೆ ಇದು ಬರೀ ಸಿದ್ಧಾಂತದ ಜಗಳವಾಗಿ ಉಳಿಯುವುದಿಲ್ಲ. ಸ್ನ್ಯಾಪ್ ಆಗಿ ಬಂದ ಬ್ರೌಸರ್ ಒಂದು ಬೇಲಿಯೊಳಗೆ ಓಡುತ್ತದೆ. ನಿಮ್ಮ ಹೋಮ್ ಫೋಲ್ಡರಿನ ಅಡಗಿಸಿಟ್ಟ ಫೋಲ್ಡರುಗಳು ಅದಕ್ಕೆ ಕಾಣುವುದಿಲ್ಲ. ಬೇರೆ ಕೆಲವು ಸ್ನ್ಯಾಪ್‌ಗಳಿಗೆ ಪೆನ್‌ಡ್ರೈವ್ ಕೂಡ ನಾವು ಅನುಮತಿ ಕೊಡುವವರೆಗೆ ಕಾಣದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ಬೇಲಿಯೊಳಗಿನ ಬ್ರೌಸರ್ ತಕರಾರು ಮಾಡುತ್ತದೆ. ಹಾಳಾಗಿದೆ ಎಂದು ಬೈಯುವ ಮೊದಲು ಇದು ಬೇಲಿಯ ಕೆಲಸವೇ ಎಂದು ನೋಡಿ. ಮೂರನೇ ಪ್ರಶ್ನೆಗೆ, ಅಂದರೆ ‘ಏನನ್ನು ಮುಟ್ಟಬಲ್ಲದು’ ಎಂಬುದಕ್ಕೆ, ಸ್ನ್ಯಾಪ್ ಕೊಡುವ ಉತ್ತರವೇ ಆ ಬೇಲಿ.

ಆದರೆ ಬೇಲಿ ಇದ್ದಮಾತ್ರಕ್ಕೆ ಒಳಗಿರುವವರು ಸಾಚಾ ಆಗುವುದಿಲ್ಲ. ಸ್ನ್ಯಾಪ್ ಅಂಗಡಿಯೊಳಗೆ ನಕಲಿ ಕ್ರಿಪ್ಟೊ ವಾಲೆಟ್‌ಗಳು ನುಸುಳಿ ಜನ ಹಣ ಕಳೆದುಕೊಂಡದ್ದುಂಟು. ಫ್ಲ್ಯಾಟ್‌ಪ್ಯಾಕ್‌ನಲ್ಲಿ ಹಲವು ಆ್ಯಪ್‌ಗಳು ಇಡೀ ಹೋಮ್ ಫೋಲ್ಡರಿಗೇ ಅನುಮತಿ ಪಡೆದು ಬರುತ್ತವೆ. ಅಂಥಲ್ಲಿ ಬೇಲಿ ಹೆಸರಿಗಷ್ಟೆ. ಫ್ಲ್ಯಾಟ್‌ಸೀಲ್ ಎಂಬ ಚಿಕ್ಕ ಸಾಧನ ಹಾಕಿಕೊಂಡರೆ ಯಾವ ಆ್ಯಪ್‌ಗೆ ಏನೇನು ಅನುಮತಿ ಇದೆ ಎಂದು ನೋಡಿ ಕತ್ತರಿಸಬಹುದು.

ರೂಢಿಗೆ ಹೀಗೆ ಇಟ್ಟುಕೊಳ್ಳಿ. ಮೊದಲ ಆಯ್ಕೆ ಡಿಸ್ಟ್ರೊದ ಸ್ವಂತ ಭಂಡಾರ. ಅಲ್ಲಿ ಇಲ್ಲದಿದ್ದರೆ ಅಥವಾ ಆವೃತ್ತಿ ತೀರ ಹಳತಾಗಿದ್ದರೆ, ಮೂಲ ತಯಾರಕರೇ ಕೊಡುವ ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್. ಫ್ಲ್ಯಾಟ್‌ಹಬ್‌ನಲ್ಲಿ ಅಂಥವಕ್ಕೆ ದೃಢೀಕರಣದ ಗುರುತು ಇರುತ್ತದೆ. ಯಾರೋ ಕೊಟ್ಟ ಬಿಡಿ ಪ್ಯಾಕೇಜ್ ಕಟ್ಟಕಡೆಗೆ. ಅದಕ್ಕೆ ಅಪ್‌ಡೇಟ್ ತಾನಾಗಿ ಬರುತ್ತದೆಂಬ ಭರವಸೆಯಿಲ್ಲ.

‘ಲಿನಕ್ಸಿಗೆ ವೈರಸ್ ಬರಲ್ಲ’

ಅರ್ಧ ನಿಜ. ವಿಂಡೋಸಿಗೆಂದು ಬರೆದ ವೈರಸ್ ಲಿನಕ್ಸಿನಲ್ಲಿ ಹಾಗೇ ಓಡುವುದಿಲ್ಲ. ಪಾಸ್‌ವರ್ಡ್ ಇಲ್ಲದೆ ವ್ಯವಸ್ಥೆಯ ಫೈಲುಗಳನ್ನು ಮುಟ್ಟಲು ಬಿಡುವುದಿಲ್ಲ ಎಂಬುದೂ ನಿಜ. ಆದರೆ ಯೋಚಿಸಿ ನೋಡಿ: ವ್ಯವಸ್ಥೆಯ ಫೈಲು ಹೋದರೆ ಅರ್ಧ ಗಂಟೆಯಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಮಗಳ ಮದುವೆಯ ಫೋಟೊ, ಜಮೀನಿನ ದಾಖಲೆಯ ಸ್ಕ್ಯಾನ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಇವೆಲ್ಲ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ಅವನ್ನು ಕದಿಯಲು ಯಾವ ಪಾಸ್‌ವರ್ಡೂ ಬೇಡ. ನಿಮ್ಮ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಂ ಸಾಕು.

ಅಪಾಯ ಬರುವ ದಾರಿಯನ್ನು ಕೆಲವು ಘಟನೆಗಳೇ ತೋರಿಸುತ್ತವೆ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಬಿತ್ತು. ಡೌನ್‌ಲೋಡ್ ಕೊಂಡಿ ಬದಲಾಗಿ, ಹಿಂಬಾಗಿಲು ಇಟ್ಟ ಐಎಸ್‌ಒ ಫೈಲ್, ಅಂದರೆ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್, ಜನರ ಕೈಸೇರಿತು. 2025ರ ಜುಲೈನಲ್ಲಿ ಆರ್ಚ್ ಬಳಕೆದಾರರೇ ತುಂಬುವ ಎಯುಆರ್ ಭಂಡಾರದಲ್ಲಿ ಫೈರ್‌ಫಾಕ್ಸ್ ಮೊದಲಾದ ಬ್ರೌಸರುಗಳ ಹೆಸರು ಹೊತ್ತ ಪ್ಯಾಕೇಜುಗಳೊಳಗೆ ಕಂಪ್ಯೂಟರನ್ನು ದೂರದಿಂದ ಹಿಡಿತಕ್ಕೆ ತೆಗೆದುಕೊಳ್ಳುವ ಕುತಂತ್ರಾಂಶ ಸಿಕ್ಕಿತು.

ಇನ್ನೊಂದು ಘಟನೆಯನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯಾಗಿ ಹಿಡಿಯುತ್ತಾರೆ. ಎಕ್ಸ್‌ಝಡ್ ಎಂಬುದು ಫೈಲ್ ಕುಗ್ಗಿಸುವ ಸಣ್ಣ ಸಾಧನ, ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೊಗಳಲ್ಲೂ ಇರುವಂಥದ್ದು. ‘ಜಿಯಾ ಟ್ಯಾನ್’ ಎಂಬ ಹೆಸರಿನ ಖಾತೆಯೊಂದು ವರ್ಷಗಟ್ಟಲೆ ಅದಕ್ಕೆ ಒಳ್ಳೆಯ ಕೆಲಸ ಮಾಡಿಕೊಟ್ಟು, ವಿಶ್ವಾಸ ಗಳಿಸಿ, ಉಸ್ತುವಾರಿಯ ಸ್ಥಾನಕ್ಕೇ ಏರಿತು, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಹಿಂಬಾಗಿಲು ಇಟ್ಟಿತು. 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆ್ಯಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟಿನ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಯಾಕೆ ಎಂದು ಕೆದಕುತ್ತ ಹೋದವರು ಹಿಂಬಾಗಿಲಿಗೆ ಬಂದು ಮುಟ್ಟಿದರು. ಸೋರ್ಸ್ ಕೋಡ್ ಬಯಲಲ್ಲಿ ಇದ್ದದ್ದರಿಂದ ಸಿಕ್ಕಿಬಿತ್ತು ಎನ್ನುವವರ ಮಾತೂ ಸರಿ, ಬಯಲಲ್ಲಿದ್ದೂ ಒಳಗೆ ಬಂತಲ್ಲ ಎನ್ನುವವರ ಮಾತೂ ಸರಿ. ಮನೆಬಳಕೆಯವರಿಗೆ ಬೇಕಾದ ಅಂಶ ಮೂರನೆಯದು: ಅದು ತಲುಪಿದ್ದು ಡೆಬಿಯನ್‌ನ ಪರೀಕ್ಷಾ ಶಾಖೆ, ಫೆಡೋರಾದ ಮುನ್ನಾವೃತ್ತಿ, ಆರ್ಚ್‌ನಂಥ ಸದಾ ಹೊಸದರ ಬೆನ್ನು ಹತ್ತಿದವುಗಳಿಗೆ. ಡೆಬಿಯನ್, ಉಬುಂಟುಗಳ ಸ್ಥಿರ ಆವೃತ್ತಿ ಬಳಸುತ್ತಿದ್ದವರನ್ನು ಮುಟ್ಟಲಿಲ್ಲ.

ಹಾಗೆಂದು ಹಳೆಯದನ್ನೇ ಅಪ್ಪಿಕೊಂಡು ಕೂರುವುದಲ್ಲ. ಪಿಕೆಎಕ್ಸೆಕ್ ಎಂಬ ಸಾಧನದಲ್ಲಿದ್ದ ಒಂದು ದೋಷ 2009ರಿಂದ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದನ್ನು ಹಿಡಿದು ಸಾಮಾನ್ಯ ಬಳಕೆದಾರ ಯಾರಾದರೂ ವ್ಯವಸ್ಥೆಯ ಒಡೆಯನಾಗಬಹುದಿತ್ತು. 2022ರ ಜನವರಿಯಲ್ಲಿ ಅದು ಹೊರಬಿದ್ದಾಗ ದೊಡ್ಡ ಡಿಸ್ಟ್ರೊಗಳು ಬೇಗನೇ ತೇಪೆ ಕೊಟ್ಟವು. ಉಪಯೋಗವಾದದ್ದು ಅಪ್‌ಡೇಟ್ ಹಾಕಿಕೊಂಡವರಿಗೆ. ಸ್ಥಿರ ಆವೃತ್ತಿ ಇರಲಿ, ಅದಕ್ಕೆ ಬರುವ ಭದ್ರತಾ ಅಪ್‌ಡೇಟ್ ತಪ್ಪದಿರಲಿ. ಎರಡೂ ಒಟ್ಟಿಗೆ ನಡೆಯಬೇಕು.

ಮನೆಯ ಯಂತ್ರಕ್ಕೆ ಇಷ್ಟು ಸಾಕು:

- ಅಪ್‌ಡೇಟ್ ಮ್ಯಾನೇಜರಿನಲ್ಲಿ ಭದ್ರತಾ ತಿದ್ದುಪಡಿಗಳು ತಾವಾಗಿ ಬರುವಂತೆ ಇಡಿ.
- ಉಬುಂಟು, ಮಿಂಟ್ ಎರಡರಲ್ಲೂ ಫೈರ್‌ವಾಲ್ ಇರುತ್ತದೆ, ಆದರೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಮಿಂಟ್‌ನಲ್ಲಿ ಮೆನುವಿನಿಂದಲೇ ಆನ್ ಮಾಡಬಹುದು.
- ಐಎಸ್‌ಒ ಇಳಿಸಿಕೊಂಡ ಮೇಲೆ ಅದರ ಚೆಕ್‌ಸಮ್ (ಫೈಲಿನ ಬೆರಳ ಗುರುತಿನಂಥ ಸಂಖ್ಯೆ) ತಾಳೆ ನೋಡಿ, ಸಾಧ್ಯವಾದರೆ ಅದರ ಡಿಜಿಟಲ್ ಸಹಿಯನ್ನೂ. ಜಾಲತಾಣಕ್ಕೇ ಕನ್ನ ಬಿದ್ದಿದ್ದರೆ ಅಲ್ಲಿ ಹಾಕಿರುವ ಚೆಕ್‌ಸಮ್ಮನ್ನೂ ಬದಲಿಸಿರಬಹುದು; ಸಹಿಯನ್ನು ಹಾಗೆ ನಕಲು ಮಾಡಲಾಗದು.
- ಲ್ಯಾಪ್‌ಟಾಪ್ ಆದರೆ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಶನ್ ಆಯ್ಕೆಗೆ ಟಿಕ್ ಹಾಕಿ. ಕಳುವಾದರೂ ಒಳಗಿನದು ಓದಲಾಗದು. ಆ ಪಾಸ್‌ಫ್ರೇಸ್ ಮರೆತರೆ ನಿಮಗೂ ಓದಲಾಗದು.
- ಕ್ಲ್ಯಾಮ್‌ಎವಿಯಂಥ ಆ್ಯಂಟಿವೈರಸ್ ನಿಮ್ಮ ಯಂತ್ರಕ್ಕಿಂತ ಹೆಚ್ಚಾಗಿ ವಿಂಡೋಸ್ ಬಳಸುವವರಿಗೆ ಫೈಲ್ ದಾಟಿಸುವಾಗ ಉಪಯೋಗಕ್ಕೆ ಬರುತ್ತದೆ. ಜೆರಾಕ್ಸ್ ಅಂಗಡಿಯಿಂದ ವಾಪಸಾದ ಪೆನ್‌ಡ್ರೈವನ್ನು ಅದರಿಂದ ಒಮ್ಮೆ ಜಾಲಾಡಿಸಬಹುದು.

ಟರ್ಮಿನಲ್‌ಗೆ ಅಂಟಿಸುವ ಮೊದಲು

ಲಿನಕ್ಸಿನಲ್ಲಿ ಏನೇ ತೊಂದರೆಯಾದರೂ ಯಾರೋ ಒಬ್ಬರು ಒಂದು ಸಾಲು ಕಮಾಂಡ್ ಕೊಟ್ಟು ‘ಇದನ್ನು ಪೇಸ್ಟ್ ಮಾಡಿ’ ಎನ್ನುತ್ತಾರೆ. 2021ರ ನವೆಂಬರಿನಲ್ಲಿ ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಡಿಸ್ಟ್ರೊದಲ್ಲಿ ಗೇಮ್‌ಗಳ ಅಂಗಡಿ ಸ್ಟೀಮ್ ಹಾಕಲು ಹೋದ ವಿಡಿಯೊ ಬಂತು. ಪ್ಯಾಕೇಜ್ ಜೋಡಣೆಯಲ್ಲಿ ಆಗ ಒಂದು ದೋಷವಿತ್ತು. ಹಾಗಾಗಿ ಸ್ಟೀಮ್ ಹಾಕಲು ಇಡೀ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ ಎಂದು ಯಂತ್ರ ಎಚ್ಚರಿಸಿ, ಹೌದು, ಹೇಳಿದಂತೆ ಮಾಡು ಎಂಬರ್ಥದ ವಾಕ್ಯ ಟೈಪ್ ಮಾಡಿದರಷ್ಟೇ ಮುಂದುವರಿಯುವೆ ಎಂದಿತು. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ತಪ್ಪು ಬಳಕೆದಾರರದೋ ವ್ಯವಸ್ಥೆಯದೋ ಎಂಬ ಚರ್ಚೆ ಬಹಳ ನಡೆಯಿತು. ನಾವು ಕಲಿಯಬೇಕಾದದ್ದು ಇಷ್ಟೆ: ಪ್ಯಾಕೇಜ್ ಹಾಕುವಾಗ ‘ಇವನ್ನು ತೆಗೆಯಲಾಗುವುದು’ ಎಂಬ ಪಟ್ಟಿ ಬಂದರೆ ಅಲ್ಲಿ ನಿಂತು ಓದಿ. ನೀವು ಕೇಳದೇ ಇದ್ದದ್ದು ಆ ಪಟ್ಟಿಯಲ್ಲಿದ್ದರೆ ಬೇಡ ಎನ್ನಿ. ಇಂಟರ್ನೆಟ್‌ನಿಂದ ಸ್ಕ್ರಿಪ್ಟ್ ಎಳೆದು ನೇರ ಸುಡೊ, ಅಂದರೆ ವ್ಯವಸ್ಥೆಯ ಒಡೆಯನ, ಅಧಿಕಾರದಲ್ಲಿ ಓಡಿಸುವ ಕಮಾಂಡ್ ಆದರೆ, ಅದು ಆ ಸಾಫ್ಟ್‌ವೇರಿನ ಅಧಿಕೃತ ತಾಣದಲ್ಲೇ ಇದೆಯೇ ಎಂದು ನೋಡದೆ ಮುಟ್ಟಬೇಡಿ.

ಫೈಲ್ ತೆರೆಯುತ್ತದೆ, ಪುಟ ಕದಲುತ್ತದೆ

ಹೊಂದಾಣಿಕೆಯ ವಾದದಲ್ಲಿ ಮೊದಲು ಬರುವುದು ಲಿಬ್ರೆಆಫೀಸ್. ವರ್ಡ್, ಎಕ್ಸೆಲ್ ಫೈಲುಗಳನ್ನು ಅದು ತೆರೆಯುತ್ತದೆ. ಆದರೆ ವರ್ಡ್‌ನಲ್ಲಿ ಎರಡು ಪುಟಕ್ಕೆ ಸರಿಯಾಗಿ ಕೂತಿದ್ದ ಅರ್ಜಿ ಇಲ್ಲಿ ಎರಡೂಕಾಲು ಪುಟವಾಗಬಹುದು. ಇದಕ್ಕೆ ಬಹಳ ಸಲ ಕಾರಣ ಅಕ್ಷರಶೈಲಿ. ಕ್ಯಾಲಿಬ್ರಿ, ಕೇಂಬ್ರಿಯಾಗಳು ಮೈಕ್ರೋಸಾಫ್ಟಿನವು, ಲಿನಕ್ಸಿನಲ್ಲಿ ಇರುವುದಿಲ್ಲ. ಅವುಗಳಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೊ, ಕ್ಯಾಲಡಿಯಾ ಹಾಕಿಕೊಂಡರೆ ಸಾಲುಗಳು ಬಹುಮಟ್ಟಿಗೆ ಇದ್ದಲ್ಲೇ ಕೂರುತ್ತವೆ. ಏರಿಯಲ್, ಟೈಮ್ಸ್‌ಗಳ ಜಾಗಕ್ಕೆ ಲಿಬರೇಶನ್ ಫಾಂಟುಗಳಿವೆ. ಎಕ್ಸೆಲ್ ಮ್ಯಾಕ್ರೊಗಳ ವಿಷಯದಲ್ಲಿ ಮಾತ್ರ ಭರವಸೆ ಬೇಡ. ಕೆಲವು ಓಡುತ್ತವೆ, ಹಲವು ಓಡುವುದಿಲ್ಲ. ಬರೀ ಓದಲಿಕ್ಕೆ ಕಳಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ. ಮೂಲ ಫೈಲನ್ನೂ ಒಳಗೇ ಇಟ್ಟ ಹೈಬ್ರಿಡ್ ಪಿಡಿಎಫ್ ಮಾಡುವ ಆಯ್ಕೆ ಲಿಬ್ರೆಆಫೀಸ್‌ನಲ್ಲೇ ಇದೆ.

ಕನ್ನಡದ ಫೈಲುಗಳಿಗೆ ಬೇರೆಯದೇ ತೊಡಕು. ನಮ್ಮ ಕಚೇರಿ, ಶಾಲೆ, ಅಚ್ಚಿನ ಮನೆಗಳಲ್ಲಿ ಎಷ್ಟೋ ವರ್ಷ ಟೈಪಾದದ್ದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ. ಆ ಫೈಲಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ‘ಕನ್ನಡ’ ಎಂಬ ಪದವನ್ನು ದೊಡ್ಡ ಪಿ, ಪೌಂಡ್ ಗುರುತು, ಸಣ್ಣ ಕ್ಯೂ, ನಡುನಡುವೆ ನೆತ್ತಿಯ ಮೇಲೆ ಗೆರೆ ಹೊತ್ತ ಎ ಮುಂತಾದ ಗುರುತುಗಳಾಗಿಯೇ ಉಳಿಸಿರುತ್ತದೆ. ಅವನ್ನು ಕನ್ನಡದ ಹಾಗೆ ತೋರಿಸುವುದು ಫಾಂಟಿನ ಕೈಚಳಕ. ಫಾಂಟ್ ಇಲ್ಲದ ಯಂತ್ರದಲ್ಲಿ ಬಣ್ಣ ಬಯಲಾಗುತ್ತದೆ. ಇದಕ್ಕೆ ಲಿನಕ್ಸನ್ನು ಬೈದು ಪ್ರಯೋಜನವಿಲ್ಲ. ಫಾಂಟ್ ಇಲ್ಲದ ವಿಂಡೋಸಿನಲ್ಲೂ, ಮೊಬೈಲಿನಲ್ಲೂ ಅದೇ ಗತಿ.

ದಾರಿ ಎರಡು. ನಿಮ್ಮಲ್ಲಿರುವ ನುಡಿ ಫಾಂಟನ್ನು ಲಿನಕ್ಸಿನಲ್ಲೂ ಇನ್‌ಸ್ಟಾಲ್ ಮಾಡಿದರೆ ಹಳೆಯ ಫೈಲ್ ಓದಬಹುದು, ಮುದ್ರಿಸಬಹುದು. ಹುಡುಕಲು, ಇಮೇಲ್‌ಗೆ ಅಂಟಿಸಲು, ಮೊಬೈಲಿನಲ್ಲಿ ಓದಲು ಬೇಕೆಂದರೆ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಎರಡು ಜಾಗ ತಪ್ಪದೆ ನೋಡಿ: ‘ಅರ್ಜಿ’, ‘ವರ್ಷ’ಗಳಂಥ ಅರ್ಕಾವತ್ತಿನ ಪದಗಳು ಮತ್ತು ನಡುವೆ ಬಂದಿರುವ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರವೂ ನುಡಿಯ ಸಂಕೇತದ ಹಾಗೇ ಕಾಣುವುದರಿಂದ ಹೆಸರು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಹೊಸದಾಗಿ ಟೈಪ್ ಮಾಡಲು ತೊಂದರೆಯಿಲ್ಲ. ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರು ಕೀಲಿಮಣೆಗಳೂ ಸಿಗುತ್ತವೆ. ನುಡಿಯಲ್ಲಿ ಪಳಗಿದ ಕೈಗೆ ಕಗಪ ಒಗ್ಗುತ್ತದೆ. ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತುವವರಿಗೆ ಐಟ್ರಾನ್ಸ್. ನೋಟೊ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ. ವಿಂಡೋಸಿನ ತುಂಗಾ ಇಲ್ಲಿರದ ಕಾರಣ ಪುಟ ಕದಲುವುದು ಮಾತ್ರ ಇದ್ದದ್ದೇ. ಆಮಂತ್ರಣ ಪತ್ರಿಕೆಯಂಥದ್ದನ್ನು ಪ್ರೆಸ್ಸಿಗೆ ಕೊಡುವುದಾದರೆ, ಅವರ ಯಂತ್ರದಲ್ಲಿ ಯೂನಿಕೋಡ್ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ನಾಲ್ಕನೇ ಪ್ರಶ್ನೆ ಇರುವುದೇ ಇದಕ್ಕೆ.

ವೈನ್, ಪ್ರಿಂಟರ್ ಮತ್ತು ಉಳಿದ ತಕರಾರು

ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಯೋಜನೆ ಶುರುವಾದದ್ದು 1993ರಲ್ಲಿ. ಅದರ ಮೇಲೆ ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್‌ನಿಂದಾಗಿ ಸ್ಟೀಮ್‌ನ ಬಹಳಷ್ಟು ಗೇಮ್‌ಗಳು ಇಂದು ಲಿನಕ್ಸಿನಲ್ಲಿ ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್‌ಗಳಂಥವು ಮೋಸ ತಡೆಯುವ ವ್ಯವಸ್ಥೆಯ ಕಾರಣಕ್ಕೆ ಓಡುವುದಿಲ್ಲ. ವೈನ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ: ಅದರೊಳಗೆ ಓಡಿಸಿದರೆ ವಿಂಡೋಸ್ ವೈರಸ್ಸಿನಿಂದ ಅಪಾಯವಿಲ್ಲ ಎಂದು. ವೈನ್ ಮಾಮೂಲಾಗಿ ನಿಮ್ಮ ಇಡೀ ಡಿಸ್ಕನ್ನು ಝಡ್ ಡ್ರೈವ್ ಆಗಿ ತೋರಿಸುತ್ತದೆ. ಎಲ್ಲೆಲ್ಲಿಂದಲೋ ತಂದ ಇಎಕ್ಸ್‌ಇ ಫೈಲನ್ನು ಅದರಲ್ಲಿ ಓಡಿಸಿದರೆ ನಿಮ್ಮ ಹೋಮ್ ಫೋಲ್ಡರ್ ಅದಕ್ಕೆ ಸಿಕ್ಕಂತೆಯೇ.

ಪ್ರಿಂಟರ್‌ಗಳಲ್ಲಿ ಏರ್‌ಪ್ರಿಂಟ್ ಬೆಂಬಲಿಸುವ ಈಚಿನ ಮಾದರಿಗಳು ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಕಷ್ಟ ಕೊಡುವುದು ನಮ್ಮ ಸಣ್ಣ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಲೇಸರ್‌ಗಳು. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪ್ಲಿಪ್ ಎಂಬ ಡ್ರೈವರ್ ಜೊತೆ ಕಂಪನಿಯ ಪ್ಲಗಿನ್ ಇಳಿಸಿಕೊಳ್ಳಬೇಕು; ಆಮೇಲೆ ನಡೆಯುತ್ತದೆ. ಕ್ಯಾನನ್ ಎಲ್‌ಬಿಪಿ 2900 ತನ್ನದೇ ಕ್ಯಾಪ್ಟ್ ಭಾಷೆಯಲ್ಲಿ ಮಾತಾಡುವುದರಿಂದ ಹೊಸ ಡಿಸ್ಟ್ರೊಗಳಲ್ಲಿ ಅದನ್ನು ಒಲಿಸಿಕೊಳ್ಳಲು ತಾಳ್ಮೆ ಬೇಕು.

ಆ್ಯಪ್‌ಗಳನ್ನು ತೆರೆಯ ಮೇಲೆ ಮೂಡಿಸುವ ವ್ಯವಸ್ಥೆ ವೇಲ್ಯಾಂಡೋ ಎಕ್ಸ್11ಓ ಎಂಬ ವಾದವನ್ನು ಕಾಲವೇ ಮುಗಿಸುತ್ತಿದೆ. ಕೆಡಿಇ ಪ್ಲಾಸ್ಮಾ 6 ಡೆಸ್ಕ್‌ಟಾಪಿನಲ್ಲಿ ವೇಲ್ಯಾಂಡೇ ಮೊದಲ ಆಯ್ಕೆ, ಉಬುಂಟು 25.10ರ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಎಕ್ಸ್11 ಸೆಷನ್ನೇ ಇಲ್ಲ. ಭದ್ರತೆಯ ದೃಷ್ಟಿಯಿಂದ ಇದು ಲಾಭ: ಎಕ್ಸ್11ರಲ್ಲಿ ಒಂದು ಆ್ಯಪ್ ಇನ್ನೊಂದಕ್ಕೆ ಒತ್ತಿದ ಕೀಲಿಗಳನ್ನು ಕದ್ದು ಕೇಳಬಹುದಿತ್ತು, ವೇಲ್ಯಾಂಡ್ ಅದಕ್ಕೆ ಬಿಡುವುದಿಲ್ಲ. ಸ್ಕ್ರೀನ್ ಹಂಚಿಕೊಳ್ಳುವುದು, ಕನ್ನಡ ಟೈಪ್ ಮಾಡುವುದು ನಿಮ್ಮ ಆ್ಯಪ್‌ಗಳಲ್ಲಿ ನಡೆಯುತ್ತದೆಯೇ ಎಂದಷ್ಟೇ ಪರೀಕ್ಷಿಸಿಕೊಳ್ಳಿ.

ವಿಂಡೋಸ್ ಜೊತೆಗೇ ಲಿನಕ್ಸನ್ನೂ ಇಟ್ಟುಕೊಳ್ಳುವವರು ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರಿನ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಿಸಿದ ಕೂಡಲೇ ವಿಂಡೋಸ್ ಅದನ್ನು ಕೇಳಬಹುದು. 2024ರ ಆಗಸ್ಟಿನ ಒಂದು ವಿಂಡೋಸ್ ಅಪ್‌ಡೇಟಿನಿಂದ ಹಲವರ ಯಂತ್ರಗಳಲ್ಲಿ ಪಕ್ಕದ ಲಿನಕ್ಸ್ ಬೂಟ್ ಆಗುವುದೇ ನಿಂತಿತ್ತು. ಸಾಧ್ಯವಿದ್ದರೆ ಎರಡಕ್ಕೂ ಬೇರೆ ಬೇರೆ ಡಿಸ್ಕ್ ಇಡಿ.

ಬದಲಿಸುವ ಮುನ್ನ

ಒಂದು ವಾರ ನೀವು ಕಂಪ್ಯೂಟರಿನಲ್ಲಿ ಮಾಡುವ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಬರೆಯಿರಿ. ಬ್ರೌಸರಿನಲ್ಲೇ ಮುಗಿಯುವವು ಒಂದು ಕಡೆ, ಲಿನಕ್ಸಿನಲ್ಲಿ ನಡೆಯದೆ ವಿಂಡೋಸ್ ಬೇಕೆನ್ನುವವು ಇನ್ನೊಂದು ಕಡೆ. ಟ್ಯಾಲಿ, ಫೋಟೊಶಾಪ್ ಎರಡನೆಯ ಪಟ್ಟಿಗೆ ಸೇರುತ್ತವೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಲಿನಕ್ಸ್ ಡ್ರೈವರ್ ಇದೆಯೇ ಎಂದು ಟೋಕನ್ ಕೊಟ್ಟವರನ್ನೇ ಕೇಳಲಿ.

ಆಮೇಲೆ ಪೆನ್‌ಡ್ರೈವಿನಿಂದ ಲಿನಕ್ಸನ್ನು ಲೈವ್ ಆಗಿ ಓಡಿಸಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಏಳುವುದು, ಕನ್ನಡ ಟೈಪಿಂಗ್ ಎಲ್ಲವನ್ನೂ ಡಿಸ್ಕಿಗೆ ಏನೂ ಮಾಡದೆಯೇ ನೋಡಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವ ಮುನ್ನ ಫೈಲುಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಡಿ. ಮಿಂಟ್ ಜೊತೆ ಬರುವ ಟೈಮ್‌ಶಿಫ್ಟ್ ಅನ್ನು ಬ್ಯಾಕಪ್ ಎಂದು ನಂಬಿ ಕೂರಬೇಡಿ. ಅದು ಕಾಯುವುದು ವ್ಯವಸ್ಥೆಯ ಫೈಲುಗಳನ್ನು. ನಿಮ್ಮ ಹೋಮ್ ಫೋಲ್ಡರನ್ನು ನೀವಾಗಿ ಸೇರಿಸದ ಹೊರತು ಮುಟ್ಟುವುದಿಲ್ಲ.

ಎರಡನೆಯ ಪಟ್ಟಿ ಖಾಲಿಯಾಗಿದ್ದರೆ ಧೈರ್ಯವಾಗಿ ಬದಲಿಸಿ. ಒಂದೆರಡು ಕೆಲಸ ಉಳಿದಿದ್ದರೆ ವಿಂಡೋಸನ್ನು ಒಂದು ಮೂಲೆಯಲ್ಲಿ ಉಳಿಸಿಕೊಳ್ಳಿ, ವಿಂಡೋಸ್ 10 ಆದರೆ ಇಂಟರ್ನೆಟ್ಟಿನಿಂದ ದೂರವಿಡಿ. ಹೊಟ್ಟೆಪಾಡಿನ ಕೆಲಸವೇ ಆ ಪಟ್ಟಿಯಲ್ಲಿದ್ದರೆ ಈಗಲೇ ಬದಲಿಸುವುದು ಬೇಡ. ವಾದದಲ್ಲಿ ಗೆದ್ದವರು ಯಾರೂ ಬಂದು ನಿಮ್ಮ ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದಿಲ್ಲ.